ಕಾಫಿಗೆ ಬೆರೆಸಿ ಕೊಡೋ ಮದ್ದು ಇದೆಯಾ ಅಣ್ಣ?

ಅಂಗಡಿಯ ಶಟರ್ ಎತ್ತಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿರುವ ಒಬ್ಬ ಹೆಂಗಸು ಬಂದರು. ಬೇರೆ ಗಿರಾಕಿ ಯಾರೂ ಇಲ್ಲ ಅಂತ ಆಚೀಚೆ ನೋಡಿಕೊಂಡು, ಮೆಲ್ಲಗೆ ಕೇಳಿದರು. "ಅಣ್ಣ, ಗಂಡನಿಗೆ ಗೊತ್ತಾಗದ ಹಾಗೆ ಕಾಫಿಗೆ ಬೆರೆಸಿ ಕೊಡೋ ಮದ್ದು ಇದೆಯಂತಲ್ಲ, ಕುಡಿಯೋದು ಬಿಡ್ತಾರಂತೆ. ಅದು ನಿಮ್ಮಲ್ಲಿ ಇದೆಯಾ?"

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಾನು ಮೆಡಿಕಲ್ ಶಾಪ್ ಇಟ್ಟು ಹತ್ತೊಂಬತ್ತು ವರ್ಷ ಆಯಿತು. ಈ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ಲೈನ್‌ಮನೆಯವರೇ ಕೇಳುತ್ತಾರೆ ಅಂತ ಅಂದುಕೊಳ್ಳಬೇಡಿ, ಕಾರಿನಲ್ಲಿ ಬಂದು ಕಾರಿನಿಂದ ಇಳಿಯದೆ ಕೇಳಿದವರೂ ಇದ್ದಾರೆ.

ಆ ಮದ್ದು ಇರೋದು ನಿಜ. ಡೈಸಲ್ಫಿರಾಮ್ ಅಂತ ಹೆಸರು. ಕುಡಿದ ಮದ್ಯವನ್ನು ಲಿವರ್ ಎರಡು ಹಂತದಲ್ಲಿ ಒಡೆಯುತ್ತದೆ. ಮೊದಲ ಹಂತದಲ್ಲಿ ಅಸಿಟಾಲ್ಡಿಹೈಡ್ ಅನ್ನುವ ವಿಷ ಆಗುತ್ತದೆ, ಎರಡನೆಯದರಲ್ಲಿ ಆ ವಿಷ ಒಡೆದು ತೊಂದರೆ ಇಲ್ಲದ ವಸ್ತುವಾಗುತ್ತದೆ. ಈ ಮಾತ್ರೆ ಎರಡನೇ ಹಂತವನ್ನು ಕಟ್ಟಿಹಾಕುತ್ತದೆ. ಆಗ ವಿಷ ರಕ್ತದಲ್ಲೇ ಉಳಿದು ಮುಖ ಕೆಂಪಾಗಿ, ಎದೆ ಡಬಡಬ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಗೊತ್ತಿದ್ದು ಈ ಮಾತ್ರೆ ತಿನ್ನುವವನು ಇದಕ್ಕೆ ಹೆದರಿ ಬಾಟಲಿ ಮುಟ್ಟುವುದಿಲ್ಲ, ಮದ್ದಿನ ಉಪಯೋಗ ಇರೋದೇ ಆ ಹೆದರಿಕೆಯಲ್ಲಿ. ಗೊತ್ತಿಲ್ಲದವನು ಎಂದಿನ ಹಾಗೆ ಸಂಜೆ ಕ್ವಾರ್ಟರ್ ಏರಿಸುತ್ತಾನೆ, ಹೃದಯ ಗಟ್ಟಿ ಇಲ್ಲದಿದ್ದರೆ ಸತ್ತೂ ಹೋಗಬಹುದು. ಹಾಗಾಗಿ ಡಾಕ್ಟರ ಚೀಟಿ ಇಲ್ಲದೆ, ತಿನ್ನುವವನಿಗೆ ತಿಳಿಸದೆ ಇದನ್ನು ಕೊಡೋಲ್ಲ ಅಂತ ಹೇಳಿದೆ.

ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಬಿಡಬೇಕು ಅಂತ ಅವರಿಗೇ ಇದೆ ಅಣ್ಣ. ಬೆಳಗ್ಗೆ ಮಕ್ಕಳ ತಲೆ ಮುಟ್ಟಿ ಆಣೆ ಮಾಡ್ತಾರೆ. ಸಂಜೆ ಆಗೋಷ್ಟರಲ್ಲಿ ಮತ್ತೆ ಅದೇ. ಕುಡಿದು ಖುಷಿಯಾಗಿ ಇರ್ತಾರಾ ಅಂದ್ರೆ ಅದೂ ಇಲ್ಲ. ಖುಷಿ ಇಲ್ಲದ ಮೇಲೆ ಯಾಕೆ ಕುಡೀಬೇಕು?"

ಇದಕ್ಕೆ ಕೌಂಟರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಉತ್ತರ ಹೇಳೋಕೆ ನನಗೆ ಆಗಲಿಲ್ಲ. ಅವರು ಕೇಳಿದ್ದು ವಿಜ್ಞಾನಿಗಳು ನಲವತ್ತು ವರ್ಷ ತಲೆ ಕೆಡಿಸಿಕೊಂಡ ಪ್ರಶ್ನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಫಿಯಿಂದ ಶುರು ಮಾಡೋಣ. ದೇಶದ ಕಾಫಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು, ಅದರಲ್ಲೂ ಜಾಸ್ತಿ ರೊಬಸ್ಟಾ. ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನದೇ ಆದ ಕುರ್ಚಿಗಳಲ್ಲಿ ಕೂತಾಗ ನಮಗೆ ತೂಕಡಿಕೆ. ಈ ಕುರ್ಚಿಗಳಿಗೆ ರಿಸೆಪ್ಟರ್ ಅನ್ನುತ್ತಾರೆ. ಕೆಫೀನ್ ನೋಡೋಕೆ ಅಡೆನೊಸಿನ್ ಹಾಗೇ ಇದೆ, ಹಾಗಾಗಿ ಅದರ ಕುರ್ಚಿಯಲ್ಲಿ ತಾನು ಹೋಗಿ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಮದುವೆ ಮನೆಯಲ್ಲಿ ಊಟ ಮಾಡದೆ ಸುಮ್ನೆ ಸೀಟು ಹಿಡಿದು ಕೂತವರ ಹಾಗೆ. ಅಷ್ಟು ಹೊತ್ತು ನಿದ್ದೆ ದೂರ.

ದಿನಾ ಹೀಗೆ ಆದರೆ ಮಿದುಳು ಸುಮ್ಮನೆ ಇರುತ್ತದಾ? ಹೊಸ ಕುರ್ಚಿ ಹಾಕುತ್ತದೆ. ಆಗ ಮೊದಲಿನ ಒಂದು ಲೋಟ ಸಾಕಾಗುವುದಿಲ್ಲ, ಎರಡು ಬೇಕು. ಒಂದು ದಿನ ಕಾಫಿ ತಪ್ಪಿದರೆ ಹಳೆಯ ಕುರ್ಚಿ ಹೊಸ ಕುರ್ಚಿ ಎಲ್ಲದರಲ್ಲೂ ಅಡೆನೊಸಿನ್ ಬಂದು ಕೂರುತ್ತದೆ, ಮಿದುಳಿನ ರಕ್ತನಾಳ ಹಿಗ್ಗುತ್ತದೆ, ಸಂಜೆ ಹೊತ್ತಿಗೆ ತಲೆ ಸಿಡಿಯುತ್ತದೆ. ಉಪವಾಸದ ದಿನ ಸಂಜೆ ತಲೆನೋವಿನ ಮಾತ್ರೆಗೆ ಬರುವವರನ್ನು ನಾನು ಮೊದಲು ಕೇಳೋದು, "ಇವತ್ತು ಕಾಫಿ ಕುಡಿದ್ರಾ?" ಅಂತ. ಕುಡಿಯದೆ ಹಾಗೇ ಬಿಟ್ಟರೆ ಹೆಚ್ಚೆಂದರೆ ಒಂದು ವಾರ ಒಂಬತ್ತು ದಿನದಲ್ಲಿ ಮಿದುಳು ಜಾಸ್ತಿ ಕುರ್ಚಿಗಳನ್ನು ಎತ್ತಿಟ್ಟು ಮೊದಲಿನ ಹಾಗೆ ಆಗುತ್ತದೆ.

ಇಲ್ಲಿ ಎರಡು ವಿಷಯ ಬಂದುಬಿಟ್ಟವು. ಹೊರಗಿನಿಂದ ಬಂದ ವಸ್ತುವಿಗೆ ಮಿದುಳು ಒಗ್ಗಿಕೊಳ್ಳೋದು, ಆ ವಸ್ತು ತಪ್ಪಿದಾಗ ಒಗ್ಗಿಕೊಂಡದ್ದೇ ತಿರುಗಿ ಹೊಡೆಯೋದು. ಹಾಗಾದರೆ ಬೆಲ್ಲದ ಕಾಫಿ ಕುಡಿಯುವ ನಮ್ಮಜ್ಜಿ ವ್ಯಸನಿಯಾ? ಅಲ್ಲ. ಕಾಫಿಗೋಸ್ಕರ ಅಜ್ಜಿ ಕಿವಿಯೋಲೆ ಅಡ ಇಡೋಲ್ಲ, ಮೊಮ್ಮಕ್ಕಳ ಶಾಲೆ ಫೀಸು ತೆಗೆಯೋಲ್ಲ. ದೇಹ ಒಗ್ಗಿಕೊಳ್ಳೋದು ಒಂದು, ಚಟ ಇನ್ನೊಂದು. ಚಟಕ್ಕೆ ಮೂರನೆಯದೊಂದು ಸೇರಬೇಕು.

ಆ ಮೂರನೆಯದು ಡೋಪಮಿನ್ ಕಥೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನ ಒಳಗೆ ಸಣ್ಣ ತಂತಿ ಇಟ್ಟು, ಇಲಿ ಒಂದು ಸನ್ನೆಕೋಲು ಒತ್ತಿದರೆ ಅಲ್ಲಿ ಚೂರು ಕರೆಂಟ್ ಹರಿಯುವ ಹಾಗೆ ಮಾಡಿದರು. ಒಂದು ಜಾಗದಲ್ಲಿ ತಂತಿ ಇದ್ದ ಇಲಿಗಳು ಒತ್ತಿದ್ದೇ ಒತ್ತಿದ್ದು. ಮುಂದಿನ ಪ್ರಯೋಗಗಳಲ್ಲಿ ಗಂಟೆಗೆ ಸಾವಿರಕ್ಕೂ ಹೆಚ್ಚು ಸಲ ಒತ್ತಿದ ಇಲಿಗಳೂ ಇದ್ದವು. ಮಿದುಳಿನ ಆಳದಿಂದ ಹೊರಟು ಮುಂಭಾಗದ ಕಡೆ ಹೋಗುವ ನರಗಳ ದಾರಿ ಅದು, ಅಲ್ಲಿ ಓಡಾಡುವ ರಾಸಾಯನಿಕವೇ ಡೋಪಮಿನ್. ಬಹಳ ವರ್ಷ ಎಲ್ಲರೂ ಇದನ್ನು ಖುಷಿಯ ರಾಸಾಯನಿಕ ಅಂದುಕೊಂಡಿದ್ದರು. ಈಗಲೂ ವಾಟ್ಸಾಪಿನಲ್ಲಿ ಹಾಗೇ ಓಡಾಡುತ್ತಿದೆ.

ಅದು ತಪ್ಪು ಅಂತ ತೋರಿಸಿದ್ದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್. 1980ರ ದಶಕದ ಕೊನೆಗೆ ಅವರು ಇಲಿಗಳ ಡೋಪಮಿನ್ ನರಗಳನ್ನು ಹಾಳು ಮಾಡಿ ನೋಡಿದರು. ಆ ಇಲಿಗಳು ಎದುರಿಗೆ ತಿಂಡಿ ಇದ್ದರೂ ಮುಟ್ಟಲಿಲ್ಲ, ಹಾಗೇ ಬಿಟ್ಟಿದ್ದರೆ ಹಸಿದು ಸಾಯುತ್ತಿದ್ದವು. ಆದರೆ ಸಕ್ಕರೆ ನೀರನ್ನು ಅವುಗಳ ಬಾಯಿಗೆ ಹಾಕಿದರೆ ಬೇರೆ ಇಲಿಗಳಷ್ಟೇ ಚಪ್ಪರಿಸಿ ತುಟಿ ನೆಕ್ಕಿದವು. ಅಂದರೆ ರುಚಿ ಗೊತ್ತಾಗುತ್ತಿತ್ತು, ಇಷ್ಟವೂ ಆಗುತ್ತಿತ್ತು. ಹೋದದ್ದು 'ಬೇಕು' ಅನ್ನೋದು ಮಾತ್ರ.

'ಇಷ್ಟ'ಕ್ಕೂ 'ಬೇಕು'ಗೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆ ಇದೆ. ಡೋಪಮಿನ್ ನೋಡಿಕೊಳ್ಳೋದು 'ಬೇಕು'ವನ್ನು. ಮಾಮೂಲಿ ಬದುಕಿನಲ್ಲಿ ಎರಡೂ ಕೈಕೈ ಹಿಡಿದೇ ಹೋಗುತ್ತವೆ, ಹಾಗಾಗಿ ನಮಗೆ ವ್ಯತ್ಯಾಸ ಕಾಣೋಲ್ಲ. ಚಟದಲ್ಲಿ ಕೈ ಬಿಟ್ಟುಹೋಗುತ್ತದೆ. 'ಇಷ್ಟ' ವರ್ಷದಿಂದ ವರ್ಷಕ್ಕೆ ಕರಗುತ್ತಾ ಹೋಗುತ್ತದೆ, 'ಬೇಕು' ಬೆಳೆಯುತ್ತಲೇ ಇರುತ್ತದೆ. ಖುಷಿ ಇಲ್ಲದೆಯೂ ಯಾಕೆ ಕುಡಿಯುತ್ತಾರೆ ಅಂತ ಆ ಅಕ್ಕ ಕೇಳಿದ್ದು ಇದನ್ನೇ.

ನಮ್ಮ ಕಡೆ ತೋಟ ಇರುವವರಿಗೆ ಇದನ್ನು ಹೇಳೋಕೆ ಆನೆ ಸಾಕು. ಹಲಸು ಹಣ್ಣಾಗುವ ಕಾಲಕ್ಕೆ ಆನೆ ಒಂದು ಸಲ ತೋಟಕ್ಕೆ ನುಗ್ಗಿ ಒಂದು ಮರದ ಹಣ್ಣು ತಿಂದು ಹೋಯಿತು ಅಂದುಕೊಳ್ಳಿ. ಮುಂದಿನ ವರ್ಷ ಅದೇ ದಾರಿ, ಅದೇ ಮರ. ಕಾಯಿ ಬಲಿಯುವ ಮೊದಲೇ ಕಿತ್ತು ಹಾಕಿದರೂ ಒಂದು ಸಲ ಬಂದು ಮರದ ಬುಡದಲ್ಲಿ ನಿಂತು ಹೋಗುತ್ತದೆ. ದಾರಿಯಲ್ಲಿ ಸಿಕ್ಕ ಕಾಫಿ ಗಿಡ, ಮೆಣಸಿನ ಬಳ್ಳಿ, ನೀರಿನ ಪೈಪು ಎಲ್ಲ ಪುಡಿ. ಡೋಪಮಿನ್ ಮಾಡೋದು ಈ ಕೆಲಸ, ಎಲ್ಲಿ ಏನು ಸಿಕ್ಕಿತು ಅನ್ನೋ ದಾರಿಯನ್ನು ತುಳಿದು ತುಳಿದು ಅಚ್ಚು ಮಾಡೋದು. ವುಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಕೋತಿಯ ಡೋಪಮಿನ್ ನರ ಚುರುಕಾಗುತ್ತಿತ್ತು. ರಸ ಬರುವ ಮೊದಲು ಒಂದು ದೀಪ ಹತ್ತುತ್ತದೆ ಅಂತ ಕಲಿತ ಮೇಲೆ, ದೀಪ ಕಂಡಾಗಲೇ ಚುರುಕಾಗುತ್ತಿತ್ತು, ರಸ ಬಂದಾಗ ಏನೂ ಇಲ್ಲ. ಬಟವಾಡೆ ದಿನ, ಸಂಜೆ ಐದು ಗಂಟೆ, ಬಸ್‌ಸ್ಟ್ಯಾಂಡಿನ ಎದುರಿನ ಬಾರಿನ ಬೋರ್ಡು, ಜೊತೆಗೆ ಕುಡಿಯುವ ಗೆಳೆಯನ ಜೀಪಿನ ಹಾರನ್ನು, ಇವೆಲ್ಲ ಆ ದೀಪಗಳೇ. ಬೆಳಗ್ಗೆ ಆಣೆ ಮಾಡುವಾಗ ಈ ದೀಪ ಯಾವುದೂ ಹತ್ತಿರೋಲ್ಲ, ಆ ಮನುಷ್ಯ ಸುಳ್ಳು ಹೇಳುತ್ತಿರೋಲ್ಲ. ಸಂಜೆ ಹತ್ತುತ್ತವೆ.

ಊಟ, ನೀರು, ಪ್ರೀತಿ ಎಲ್ಲಕ್ಕೂ ಡೋಪಮಿನ್ ಏರುತ್ತದೆ, ತಪ್ಪೇನಿಲ್ಲ, ಅದು ಇರೋದೇ ಅದಕ್ಕೆ. ಹೊಟ್ಟೆ ತುಂಬಿದ ಮೇಲೆ ಪಂದಿಕರಿ ಕಡುಬು ಕೂಡ ಸಾಕು ಅನ್ನಿಸುತ್ತದೆ. ಮಾದಕ ವಸ್ತುಗಳು ಈ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಲ್ಲ. ಬಿಡುಗಡೆ ಆದ ಡೋಪಮಿನ್ ವಾಪಸ್ ಹೋಗುವ ಬಾಗಿಲನ್ನು ಕೊಕೇನ್ ಮುಚ್ಚುತ್ತದೆ. ಮೆಥಾಂಫೆಟಮಿನ್ ಆ ಬಾಗಿಲನ್ನೇ ತಿರುಗಾಮುರುಗಾ ಮಾಡಿ ಒಳಗಿದ್ದದ್ದನ್ನೆಲ್ಲ ಹೊರಗೆ ಸುರಿಸುತ್ತದೆ. ಮದ್ಯ, ನಿಕೋಟಿನ್, ಹೆರಾಯಿನ್ ಬೇರೆ ಬೇರೆ ಸುತ್ತು ದಾರಿಯಲ್ಲಿ ಬಂದು ಅಲ್ಲೇ ಸೇರುತ್ತವೆ. ಹೂಮಳೆ ಒಂದು ಇಂಚು ಬಂದರೆ ಕಾಫಿ ತೋಟ ಪೂರ್ತಿ ಬೆಳ್ಳಗೆ ಅರಳುತ್ತದೆ, ಅದೇ ಹೂವಿನ ಮೇಲೆ ಆಗಸ್ಟಿನ ಮಳೆ ಬಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಇಷ್ಟು ಡೋಪಮಿನ್ ದಿನಾ ಸುರಿದಾಗ ಮಿದುಳು ಕಾಫಿ ವಿಷಯದಲ್ಲಿ ಮಾಡಿದ್ದಕ್ಕೆ ಉಲ್ಟಾ ಮಾಡುತ್ತದೆ. ಕುರ್ಚಿಗಳನ್ನು ಕಡಿಮೆ ಮಾಡುತ್ತದೆ. ತಗಡಿನ ಮಾಡಿನ ಕೆಳಗೆ ಜುಲೈ ಮಳೆಯಲ್ಲಿ ಕೂತು ಮಾತಾಡಿದವರಿಗೆ ಗೊತ್ತು, ಆ ಗದ್ದಲದಲ್ಲಿ ಕೂಗಿದರೆ ಮಾತ್ರ ಕೇಳೋದು. ಮಿದುಳು ಗದ್ದಲ ತಾಳದೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತದೆ ಅಂದುಕೊಳ್ಳಿ. ಮಳೆ ನಿಂತ ಮೇಲೂ ಹತ್ತಿ ಹಾಗೇ ಇರುತ್ತದೆ. ಆಗ ಮಾಮೂಲಿ ದನಿಗಳು, ಮಗಳು ಶಾಲೆಯಿಂದ ಬಂದು ಹೇಳುವ ಕಥೆ, ಹುತ್ತರಿ ಹಬ್ಬದ ಗೌಜಿ, ಬಿಸಿ ಅಕ್ಕಿರೊಟ್ಟಿ, ಯಾವುದೂ ಒಳಗೆ ತಟ್ಟೋಲ್ಲ. ಕುಡಿತ ಬಿಟ್ಟ ಹೊಸದರಲ್ಲಿ "ಎಲ್ಲಾ ಸಪ್ಪೆ" ಅಂತ ಜನ ಹೇಳೋದು ನಾಟಕ ಅಲ್ಲ. ಸ್ಕ್ಯಾನ್‌ನಲ್ಲಿ ಕಾಣುವ ವಿಷಯ ಇದು. ಸಮಾಧಾನದ ಮಾತು ಅಂದರೆ ಹತ್ತಿ ನಿಧಾನಕ್ಕೆ ಹೊರಗೆ ಬರುತ್ತದೆ. ಮೆಥಾಂಫೆಟಮಿನ್ ಬಿಟ್ಟವರ ಮಿದುಳನ್ನು ಅಮೆರಿಕದ ವಿಜ್ಞಾನಿ ನೋರಾ ವೋಲ್ಕೋ ತಂಡದವರು ಸ್ಕ್ಯಾನ್ ಮಾಡಿ ನೋಡಿದಾಗ, ಸುಮಾರು ಹದಿನಾಲ್ಕು ತಿಂಗಳ ಹೊತ್ತಿಗೆ ಹಾಳಾಗಿದ್ದ ಡೋಪಮಿನ್ ಬಾಗಿಲುಗಳು ಬಹಳ ಮಟ್ಟಿಗೆ ಸರಿಯಾಗಿದ್ದವು. ಹದಿನಾಲ್ಕು ತಿಂಗಳು ಅನ್ನೋದನ್ನು ಗಮನಿಸಿ. ನಾವು ಹದಿನಾಲ್ಕು ದಿನಕ್ಕೇ "ಇವನು ಸರಿ ಹೋಗೋಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತೇವೆ.

ಹಾಗಾದರೆ 'ಬೇಕು' ಅನ್ನುವ ಈ ಆನೆಯನ್ನು ತಡೆಯುವ ಬೇಲಿ ಇಲ್ವಾ? ಇದೆ, ಹಣೆಯ ಹಿಂದೆ. ಮುಂದೇನಾಗುತ್ತದೆ ಅಂತ ಯೋಚಿಸಿ "ಬೇಡ" ಅನ್ನುವ ಭಾಗ ಅದು. ಸೋಲಾರ್ ಬೇಲಿಗೆ ಚಾರ್ಜ್ ಕಡಿಮೆ ಆದರೆ ಆನೆಗೆ ಹೇಗೋ ಗೊತ್ತಾಗುತ್ತದಲ್ಲ, ಇಲ್ಲೂ ಹಾಗೇ. ನಿದ್ದೆಗೆಟ್ಟರೆ, ಹಸಿದರೆ, ಜಗಳ ಆದರೆ, ಸಾಲದವನು ಮನೆ ಬಾಗಿಲಿಗೆ ಬಂದರೆ ಚಾರ್ಜ್ ಇಳಿಯುತ್ತದೆ. ವರ್ಷಗಟ್ಟಲೆ ಕುಡಿದರೆ ಬೇಲಿಯ ತಂತಿಯೇ ಸವೆಯುತ್ತದೆ. ಇನ್ನೊಂದು ವಿಷಯ, ಈ ಬೇಲಿ ಕಟ್ಟಿ ಮುಗಿಯೋದು ಇಪ್ಪತ್ತೈದರ ಆಸುಪಾಸಿನಲ್ಲಿ. ಹದಿನೈದು ಹದಿನಾರರ ಹುಡುಗನಿಗೆ ಆನೆ ಪೂರ್ತಿ ಬೆಳೆದಿರುತ್ತದೆ, ಬೇಲಿ ಅರ್ಧ. ಮದುವೆ ಮನೆಯಲ್ಲಿ "ಗಂಡುಹುಡುಗ, ಒಂದು ಗುಟುಕು ಕುಡೀಲಿ" ಅಂತ ಗ್ಲಾಸು ಕೊಡುವ ಮಾವಂದಿರು ನಮ್ಮಲ್ಲಿ ಕಡಿಮೆ ಇಲ್ಲ. ಚಟದ ಅಪಾಯದಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ವಂಶದಿಂದ ಬರುತ್ತದೆ, ಹಾಗಾಗಿ ಅಪ್ಪನಿಗೋ ಅಜ್ಜನಿಗೋ ಇದ್ದ ಮನೆಯ ಹುಡುಗನಿಗೆ ಆ ಗುಟುಕು ಇನ್ನೂ ದುಬಾರಿ.

ಈಗ ನಮ್ಮ ಮನೆಯದೇ ಒಂದು ವಿಷಯ. ನನ್ನ ಚಿಕ್ಕಪ್ಪ ಒಳ್ಳೆಯ ಕೆಲಸಗಾರ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಕಪಾತಿನ ಲೆಕ್ಕದಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ದಿನಕ್ಕೆ ಎರಡು ಕ್ವಾರ್ಟರ್. ನಾನು ಬಿ ಫಾರ್ಮಾ ಎರಡನೇ ವರ್ಷದಲ್ಲಿದ್ದಾಗ ಮನೆಯವರೆಲ್ಲ ಸೇರಿ ಅವರನ್ನು ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕುವುದು ಅಂತ ತೀರ್ಮಾನ ಮಾಡಿದರು. ಒಂದು ವಾರ ಸಿಗದೆ ಇದ್ದರೆ ತಾನಾಗೇ ಬಿಡುತ್ತಾರೆ ಅಂತ. ನಾನೂ ಹೂಂ ಅಂದೆ, ಎರಡು ವರ್ಷ ಓದಿದ ಜಂಬ ಬೇರೆ. ಮೊದಲ ಸಂಜೆ ಕೈ ನಡುಕ, ಬೆವರು. ಎರಡನೇ ದಿನ ಬೆಳಗ್ಗೆ ಫಿಟ್ಸ್ ಬಂತು. ಬಾಯಿಗೆ ಚಮಚ ತುರುಕಿ, ಕೈಗೆ ಕಬ್ಬಿಣ ಕೊಟ್ಟು, ಮಾಡಬಾರದ್ದನ್ನೆಲ್ಲ ಮಾಡಿದೆವು. ಮೂರನೇ ರಾತ್ರಿ ಅವರು ಕಂಬಳಿ ಒದರುತ್ತಾ, ಜಿಗಣೆ ಹತ್ತುತ್ತಾ ಇದೆ, ಜಿಗಣೆ, ಸುಣ್ಣ ತನ್ನಿ ಅಂತ ಕೂಗತೊಡಗಿದರು. ಬೇಸಿಗೆ ಅದು. ಒಂದು ಜಿಗಣೆಯೂ ಇರಲಿಲ್ಲ.

ಆಗ ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು, ಉಳಿದರು. ನಿಧಾನ ಮಾಡಿದ್ದರೆ ಉಳಿಯುತ್ತಿರಲಿಲ್ಲ ಅಂತ ಡ್ಯೂಟಿ ಡಾಕ್ಟರು ನನ್ನ ಮುಖಕ್ಕೇ ಹೇಳಿದರು.

ಆದದ್ದು ಇಷ್ಟು. ಮಿದುಳಿನಲ್ಲಿ ಒಂದು ಬ್ರೇಕ್, ಒಂದು ಆಕ್ಸಿಲರೇಟರ್ ಇದೆ. ಬ್ರೇಕಿನ ಹೆಸರು ಗಾಬಾ, ಆಕ್ಸಿಲರೇಟರ್ ಹೆಸರು ಗ್ಲುಟಮೇಟ್. ಮದ್ಯ ಬ್ರೇಕನ್ನು ಒತ್ತುತ್ತದೆ, ಆಕ್ಸಿಲರೇಟರನ್ನು ಸಡಿಲ ಮಾಡುತ್ತದೆ, ಮಾತು ತೊದಲೋದು ಕಾಲು ತಡವರಿಸೋದು ಅದಕ್ಕೇ. ಒಬ್ಬ ದಿನಾ ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದರೂ ಗಾಡಿ ಹೋಗಲೇಬೇಕಲ್ಲ, ಹಾಗಾಗಿ ಮಿದುಳು ಆಕ್ಸಿಲರೇಟರನ್ನು ಜೋರು ಮಾಡಿ, ಬ್ರೇಕಿನ ಹಿಡಿತವನ್ನು ಕಡಿಮೆ ಮಾಡಿಕೊಂಡು ಹೊಂದಿಸಿಕೊಳ್ಳುತ್ತದೆ. ಇದ್ದಕ್ಕಿದ್ದ ಹಾಗೆ ಆ ಕಾಲು ತೆಗೆದರೆ ಸಂಪಾಜೆ ಘಾಟಿ ಇಳಿಯುವ ಜೀಪಿಗೆ ಬ್ರೇಕ್ ಹೋದ ಹಾಗೆ. ಆರೇಳು ಗಂಟೆಯಲ್ಲೇ ನಡುಕ ಶುರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಜ್ವರ, ಬೆವರು, ದಿಕ್ಕು ತಪ್ಪಿದ ಮಾತು, ಇಲ್ಲದ್ದು ಕಾಣೋದು. ಇದಕ್ಕೆ ಡಿಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ, ನಮ್ಮೂರಲ್ಲಿ "ದೆವ್ವ ಹಿಡಿದಿದೆ" ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ತರಹದ ಮದ್ದನ್ನು ಬ್ರೇಕಿನ ಬದಲು ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾ ಬರುತ್ತಾರೆ. ಹೆರಾಯಿನ್ ಬಿಟ್ಟಾಗ ಆಗುವ ಹಿಂಸೆ ನೋಡೋಕೆ ಇದಕ್ಕಿಂತ ಭೀಕರ ಅನ್ನಿಸಬಹುದು, ಆದರೆ ಬಿಡುವಾಗ ಜೀವಕ್ಕೇ ಕುತ್ತು ತರೋದರಲ್ಲಿ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ಮದ್ಯವೇ ಮುಂದೆ. ದಿನಾ ಜಾಸ್ತಿ ಕುಡಿಯುವವರನ್ನು ದಯವಿಟ್ಟು ಕೋಣೆಗೆ ಹಾಕಿ ಚಿಲಕ ಹಾಕಬೇಡಿ. ಮದ್ಯವರ್ಜನ ಶಿಬಿರಕ್ಕೆ ಕಳಿಸುವುದಾದರೂ ಮೊದಲು ಡಾಕ್ಟರಿಗೆ ತೋರಿಸಿ.

ಲೆಕ್ಕ ಹೇಳುತ್ತೇನೆ. 30 ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇದೆ. ಲಿವರ್ ಅದನ್ನು ಒಡೆಯೋಕೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. 180 ಎಂಎಲ್ ಕ್ವಾರ್ಟರ್ ಅಂದರೆ 60 ಗ್ರಾಂ, ಆರರಿಂದ ಎಂಟು ಗಂಟೆ ಕೆಲಸ. ಚಿಕ್ಕಪ್ಪನ ಎರಡು ಕ್ವಾರ್ಟರಿಗೆ ಲಿವರ್ ದಿನವಿಡೀ ಓವರ್‌ಟೈಮ್ ಮಾಡುತ್ತಿತ್ತು. ಕ್ಲಬ್ಬಿನಲ್ಲಿ ಕೂತು ಕುಡಿದ ಸ್ಕಾಚೋ, ರಸ್ತೆ ಬದಿ ಹರಿದು ಕುಡಿದ ತೊಂಬತ್ತರ ಪ್ಯಾಕೆಟ್ಟೋ, ಲಿವರಿಗೆ ಗೊತ್ತಾಗೋದು ಗ್ರಾಂ ಲೆಕ್ಕ ಒಂದೇ. ಮೊದಲು ಅದರಲ್ಲಿ ಕೊಬ್ಬು ತುಂಬುತ್ತದೆ, ಈ ಹಂತದಲ್ಲಿ ಬಿಟ್ಟರೆ ಪೂರ್ತಿ ಸರಿ ಹೋಗುತ್ತದೆ. ಆಮೇಲೆ ಊತ, ಕೊನೆಗೆ ಗಾಯದ ಕಲೆಯ ಹಾಗೆ ಗಟ್ಟಿಯಾಗೋದು, ಅದು ಸಿರೋಸಿಸ್. ಅಲ್ಲಿಂದ ವಾಪಸ್ ಬರೋದು ಕಷ್ಟ. "ಲಿವರಿಗೆ ಒಂದು ಟಾನಿಕ್ ಕೊಡಿ" ಅಂತ ಸೋಮವಾರ ಬೆಳಗ್ಗೆ ಬರುವವರಿಗೆ ನಾನು ಟಾನಿಕ್ ಮಾರಿದರೆ ನನಗೆ ಲಾಭ, ಲಿವರಿಗೆ ಏನೂ ಇಲ್ಲ.

ಇನ್ನು ನಮ್ಮೂರಿನ ದೊಡ್ಡ ನಂಬಿಕೆ, ಮಳೆಗಾಲದ ಚಳಿಗೆ ಒಂದು ಪೆಗ್ ಬೇಕೇ ಬೇಕು ಅನ್ನೋದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಸಿ ರಕ್ತ ಹೊರಗೆ ಬರುತ್ತದೆ, ಬೆಚ್ಚಗೆ ಅನ್ನಿಸುತ್ತದೆ. ಒಳಗಿನ ಶಾಖ ಆ ದಾರಿಯಲ್ಲೇ ಹೊರಗೆ ಹೋಗುತ್ತದೆ. ಒಲೆಯ ಬೆಂಕಿ ಕಾಯಿಸಿಕೊಳ್ಳೋಕೆ ಮನೆ ಬಾಗಿಲು ತೆಗೆದಿಟ್ಟ ಹಾಗೆ. ಕುಡಿದು ಮಳೆಯಲ್ಲಿ ದಾರಿ ಬದಿ ಮಲಗಿದವರಿಗೆ ಅಪಾಯ ಇರೋದು ಅದಕ್ಕೇ. ಇನ್ನೊಂದು, ಊಟ ಬಿಟ್ಟು ಕುಡಿಯುವವರಿಗೆ ಥಯಮಿನ್, ಅಂದರೆ ಬಿ1 ವಿಟಮಿನ್ ಖಾಲಿ ಆಗುತ್ತದೆ. ನಡಿಗೆ ಓಲಾಡೋದು, ಕಣ್ಣು ಗುಡ್ಡೆ ಅಲುಗಾಡೋದು, ಗೊಂದಲ, ಆಗಲೂ ಬಿಟ್ಟರೆ ಶಾಶ್ವತ ಮರೆವು. ತುಂಬಾ ಅಗ್ಗದ ವಿಟಮಿನ್ ಅದು, ಸಮಯಕ್ಕೆ ಸಿಕ್ಕರೆ ಮಿದುಳು ಉಳಿಯುತ್ತದೆ.

ಮದ್ಯದ ಬಗ್ಗೆಯೇ ಜಾಸ್ತಿ ಬರೆದೆ, ಬೇಕು ಅಂತಲೇ. ಏಮ್ಸ್‌ನವರು ಮಾಡಿದ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ, ಅದರಲ್ಲಿ 5.7 ಕೋಟಿ ಜನರಿಗೆ ಚಿಕಿತ್ಸೆಯೋ ಸಹಾಯವೋ ಬೇಕು. ಪೇಪರಿನಲ್ಲಿ ಬರೋದು ಗಾಂಜಾ, ಎಂಡಿಎಂಎ ಹಿಡಿದ ಸುದ್ದಿ. ಆಸ್ಪತ್ರೆಯ ಮಂಚ ತುಂಬಿಸೋದು ಬೇರೆ.

ಹಾಗಂತ ಯಾವುದು ಜಾಸ್ತಿ ಹಿಡಿಯುತ್ತದೆ ಅಂತ ಕೇಳಿದರೆ ಉತ್ತರ ಮದ್ಯವೂ ಅಲ್ಲ. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಬಳಸಿದ ನೂರು ಜನರಲ್ಲಿ ಎಷ್ಟು ಜನ ಚಟಕ್ಕೆ ಬಿದ್ದರು ಅಂತ ನೋಡಿದ್ದರು. ಗಾಂಜಾದಲ್ಲಿ 9, ಮದ್ಯದಲ್ಲಿ 15, ಕೊಕೇನ್ 17, ಹೆರಾಯಿನ್ 23, ತಂಬಾಕು 32. ಬೀಡಿ ಸಿಗರೇಟು ಎಲ್ಲರಿಗಿಂತ ಮುಂದೆ. ಒಂದು ದೊಡ್ಡ ಕಾರಣ ವೇಗ. ಮಿದುಳಿಗೆ ಎಷ್ಟು ಬೇಗ ತಲುಪುತ್ತದೋ ಅಷ್ಟು ಗಟ್ಟಿ ಹಿಡಿತ. ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳಿನಲ್ಲಿ ಇರುತ್ತದೆ, ಒಂದು ಬೀಡಿಗೆ ಹತ್ತು ದಮ್ಮು ಅಂದರೆ ಹತ್ತು ಸಲ ದೀಪ, ಹತ್ತು ಸಲ ಬಹುಮಾನ. ದಿನಕ್ಕೆ ಒಂದು ಕಟ್ಟು ಸೇದುವವನ ಮಿದುಳು ಎಷ್ಟು ಸಲ ಪಾಠ ಕಲಿಯಿತು ಅಂತ ನೀವೇ ಗುಣಿಸಿ. ನಿಕೋಟಿನ್ ಗಮ್‌ನಲ್ಲೂ ಇರೋದು ಅದೇ ನಿಕೋಟಿನ್, ಆದರೆ ನಿಧಾನಕ್ಕೆ ಏರುತ್ತದೆ, ಹಾಗಾಗಿ ಚಟಕ್ಕೆ ಬೀಳಿಸೋದು ಅಪರೂಪ. ಬೀಡಿ ಬಿಟ್ಟ ಹನ್ನೆರಡು ಗಂಟೆಯಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಮಾಮೂಲಿಗೆ ಬರುತ್ತದೆ, ಒಂದು ವರ್ಷಕ್ಕೆ ಹೃದಯಾಘಾತದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ.

ಎಲೆ ಅಡಿಕೆ ಹೊಗೆಸೊಪ್ಪಿನವರು ನಗಬೇಡಿ. ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಮಿದುಳಿನ ಮೇಲೆ ಕೆಲಸ ಮಾಡುತ್ತದೆ, ಅಡಿಕೆ ತಾನೊಂದೇ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ಇಪ್ಪತ್ತು ವರ್ಷ ಆಯಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆದ ಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಜೋಡಿಯಾಗಿ ಬಂತು. ಬಾಯಿ ಮೂರು ಬೆರಳು ಅಗಲ ತೆರೆಯೋಕೆ ಆಗದ ಇಪ್ಪತ್ತೆರಡರ ಹುಡುಗರು ನನ್ನ ಅಂಗಡಿಗೆ ಬರುತ್ತಾರೆ. ಖಾರ ತಿಂದರೆ ಉರಿ ಅಂತ ಮುಲಾಮು ಕೇಳುತ್ತಾರೆ.

ಗಾಂಜಾ ಬಗ್ಗೆ ಎರಡು ಮಾತು. ನಮ್ಮ ಮಿದುಳು ತಾನೇ ಗಾಂಜಾದಂಥ ಒಂದು ವಸ್ತು ಮಾಡುತ್ತದೆ, 1992ರಲ್ಲಿ ಅದನ್ನು ಕಂಡುಹಿಡಿದ ಇಸ್ರೇಲಿನ ತಂಡ ಅದಕ್ಕೆ 'ಆನಂದ'ದಿಂದಲೇ ಆನಂದಮೈಡ್ ಅಂತ ಹೆಸರಿಟ್ಟಿತು. ಉಸಿರಾಟ ನೋಡಿಕೊಳ್ಳುವ ಜಾಗದಲ್ಲಿ ಇದರ ಕುರ್ಚಿಗಳು ಕಡಿಮೆ, ಹಾಗಾಗಿ ಗಾಂಜಾದಿಂದ ಉಸಿರು ನಿಂತು ಸಾಯೋದು ಇಲ್ಲವೇ ಇಲ್ಲ ಅನ್ನಬಹುದು. "ಗಿಡ ಅಲ್ವಾ, ಏನಾಗುತ್ತೆ" ಅನ್ನುವ ಹುಡುಗರಿಗೆ ಇಷ್ಟು ಮಾತ್ರ ಗೊತ್ತಿರುತ್ತದೆ. ನೆನಪು ಕಲಿಕೆಯ ಜಾಗದಲ್ಲಿ ಆ ಕುರ್ಚಿಗಳು ತುಂಬಾ ಇವೆ, ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಆರರಲ್ಲಿ ಒಬ್ಬರು ಚಟಕ್ಕೆ ಬೀಳುತ್ತಾರೆ, ಕೆಲವರಿಗೆ ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನುವ ಭ್ರಮೆಯೇ ಕಾಯಿಲೆಯಾಗಿ ಉಳಿಯುತ್ತದೆ ಅನ್ನೋದು ಗೊತ್ತಿರೋಲ್ಲ.

ಉಸಿರು ನಿಲ್ಲಿಸೋದು ಅಫೀಮಿನ ಬಳಗ, ಅಂದರೆ ಹೆರಾಯಿನ್, ಮಾರ್ಫಿನ್, ಕೊಡೀನ್, ಟ್ರಮಡಾಲ್. ಇವುಗಳ ಕುರ್ಚಿ ಉಸಿರಾಟದ ಜಾಗದಲ್ಲೇ ಇದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್, ಜೊತೆಗೆ ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್ ಇವನ್ನು 2014ರಿಂದ ಬೇರೆಯೇ ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು, ರೋಗಿಯ ಹೆಸರು ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮ. ಕೊಡೋಲ್ಲ ಅಂದಾಗ ಬೈಸಿಕೊಂಡಿದ್ದೇನೆ. ಅಫೀಮಿನ ಬಳಗದಲ್ಲಿ ಎಲ್ಲಕ್ಕಿಂತ ಅಪಾಯದ ಕಾಲ ಯಾವುದು ಗೊತ್ತಾ? ಬಿಟ್ಟು ಕೆಲವು ತಿಂಗಳಾದ ಮೇಲೆ ಮತ್ತೆ ಮುಟ್ಟಿದ ದಿನ. ದೇಹ ಒಗ್ಗಿಕೊಂಡದ್ದನ್ನು ಮರೆತಿರುತ್ತದೆ, ಕೈ ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಬಿಡೋಕೇ ಆಗೋಲ್ವಾ ಅನ್ನಿಸಬಹುದು. 1971ರಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಬೆನ್ನುಹತ್ತಿ ನೋಡಿದರು. ಸೈನ್ಯದಲ್ಲಿ ಮನೆಗೊಬ್ಬರು ಇರುವ ನಮ್ಮ ಜಿಲ್ಲೆಗೆ ಈ ಕಥೆ ಬೇಗ ಅರ್ಥ ಆಗುತ್ತದೆ. ಅಲ್ಲಿ ಐದರಲ್ಲಿ ಒಬ್ಬ ಹೆರಾಯಿನ್ನಿಗೆ ಅಂಟಿಕೊಂಡಿದ್ದ. ಊರಿಗೆ ಬಂದ ಮೊದಲ ವರ್ಷ, ಹಾಗೆ ಅಂಟಿಕೊಂಡಿದ್ದ ನೂರು ಜನರಲ್ಲಿ ಮತ್ತೆ ಚಟಕ್ಕೆ ಬಿದ್ದವರು ಸುಮಾರು ಐದೇ ಜನ. ಕಾಡು, ಗುಂಡು, ಆ ಗೆಳೆಯರು, ಆ ಹೆದರಿಕೆ, ಆ ಸುಲಭ ಬೆಲೆ ಎಲ್ಲ ಸಮುದ್ರದ ಆಚೆ ಉಳಿದಿತ್ತು. ದೀಪಗಳೇ ಇಲ್ಲ. ನಮ್ಮ ಕಷ್ಟ ಏನೆಂದರೆ ಆಸ್ಪತ್ರೆಯಿಂದ ಇಳಿಸಿದ ಮನುಷ್ಯನನ್ನು ಅದೇ ಬಸ್‌ಸ್ಟ್ಯಾಂಡಿಗೆ, ಅದೇ ಬಟವಾಡೆಗೆ, ಅದೇ ಲೈನ್‌ಮನೆಗೆ ವಾಪಸ್ ತರುತ್ತೇವೆ.

ಆ ಅಕ್ಕನಿಗೆ ನಾನು ಆಮೇಲೆ ಒಂದು ಚೀಟಿ ಬರೆದು ಕೊಟ್ಟೆ. 14416, ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 14446, ವ್ಯಸನಕ್ಕೆಂದೇ ಇರುವ ನಂಬರು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಿ, ತೀರಾ ಕಷ್ಟ ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. 'ಬೇಕು'ವನ್ನು ಸ್ವಲ್ಪ ಮಂಕು ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ತರಹದ ಮಾತ್ರೆಗಳೂ ಇವೆ, ಅವನ್ನು ಕದ್ದು ಕೊಡಬೇಕಾಗಿಲ್ಲ. ಗಾಂಜಾ ಹುಡುಗನ ಅಪ್ಪ ಒಬ್ಬರು ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಹೋಗದೆ ಕೂತಿದ್ದರು, ಅವರಿಗೂ ಹೇಳಿದ್ದೆ, 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಇರೋದೇ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಯನ್ನು ಕೇಸಿನಿಂದ ಕಾಪಾಡೋಕೆ ಅಂತ. ಸೇವನೆ, ಸಣ್ಣ ಪ್ರಮಾಣ ಇವಕ್ಕೆ ಮಾತ್ರ, ಮಾರುವವರಿಗಲ್ಲ.

ಆಕೆಯ ಗಂಡ ಚಿಕಿತ್ಸೆಗೆ ಹೋದರು. ಒಂದು ಸಲ ಬಿಟ್ಟು, ಹುತ್ತರಿ ಹೊತ್ತಿಗೆ ಮತ್ತೆ ಕುಡಿದು, ಮತ್ತೆ ಹೋದರು. ಈಗ ಏಳು ತಿಂಗಳು ಆಯಿತು. ತಿಂಗಳಿಗೆ ಒಂದು ಸಲ ಮಾತ್ರೆಗೆ ನನ್ನ ಅಂಗಡಿಗೆ ಬರುತ್ತಾರೆ. ಬಸ್ ಇಳಿದು ನೇರ ನಡೆದರೆ ಮೂರು ನಿಮಿಷದ ದಾರಿ, ನಡುವೆ ಬಾರ್ ಇದೆ. ಅವರು ಶಾಲೆಯ ಹಿಂದಿನಿಂದ ಸುತ್ತಿ, ದಿಬ್ಬ ಹತ್ತಿ, ಹದಿನೈದು ನಿಮಿಷ ನಡೆದು ಬರುತ್ತಾರೆ. ಮೊನ್ನೆ ಮಳೆಯಲ್ಲಿ ಪೂರ್ತಿ ನೆನೆದು ಬಂದಿದ್ದರು. ಈ ಮಳೆಯಲ್ಲಿ ಯಾಕೆ ಸುತ್ತಿ ಬಂದ್ರಿ ಅಂತ ಬಾಯಿಗೆ ಬಂದಿತ್ತು, ಕೇಳಲಿಲ್ಲ. ಒರೆಸಿಕೊಳ್ಳೋಕೆ ಟವೆಲ್ ಕೊಟ್ಟೆ, ಒಂದು ಲೋಟ ಬೆಲ್ಲದ ಕಾಫಿ ತರಿಸಿದೆ.